ಕೆಳಗೆರೆಯ ಕ್ಲೆಫ್

ವೃಂದಗಾನದಲ್ಲಿ ಜಾಗ ಸಿಗಬೇಕಾದರೆ ಹುಡುಗಿ ಅಂದು ಕಂಡರಿಯದ ಹಾಡೊಂದನ್ನು ಸ್ವರಲಿಪಿ ನೋಡಿ ಹಾಡಬೇಕಿತ್ತು. ನಾಚಿ ಮುದ್ದೆಯಾಗುವ ಅವಳ ಧೈರ್ಯಕ್ಕೆಂದು ಚಿಕ್ಕಮ್ಮನೂ ಜೊತೆಗೆ ನಿಂತಳು. ಮೇಷ್ಟ್ರು ಬೇಕೆಂದೇ ಹಳೇ ಕಾಲದ ಹಾಳೆಯೊಂದನ್ನು ಕೊಟ್ಟು ಪಿಯಾನೋದಲ್ಲಿ ಶ್ರುತಿ ಹಿಡಿದರು.

ಮೊದಲ ಸ್ವರ ಐದು ಗೆರೆಗಳಲ್ಲಿ ತೀರಾ ಕೆಳಗಿನ ಗೆರೆಯ ಮೇಲಿತ್ತು. ಅದು ಎಂದಿನಂತೆ 'ಇ' ಎಂದುಕೊಂಡು ಚಿಕ್ಕಮ್ಮ ದನಿ ತೆಗೆದಳು. ಹುಡುಗಿ ಬಾಯಿ ತೆರೆಯಲಿಲ್ಲ. ವಯೋಲಾ ವಾದ್ಯ ನುಡಿಸುವವರಿಗೆ ಹಾಳೆ ತಿರುವಿಕೊಡುವಾಗ ಅವಳು ನಡುಗೆರೆಯಲ್ಲಿ ನೋಡುತ್ತಿದ್ದ, ಯಾವ ಗೆರೆ ಯಾವ ಸ್ವರ ಎಂದು ತಿಳಿಸುವ ಕ್ಲೆಫ್ ಚಿಹ್ನೆ ಇಲ್ಲಿ ಕೆಳಗೆರೆಗೆ ಇಳಿದು ಕೂತಿತ್ತು. ಅದು ಯಾವ ಗೆರೆಯನ್ನು ಅಪ್ಪಿಕೊಳ್ಳುತ್ತದೋ ಆ ಗೆರೆಯೇ 'ಸಿ'.

"ಹಾಡೇ, ನಾನಿದೀನಲ್ಲ!" ಎಂದು ಚಿಕ್ಕಮ್ಮ ಮೊಣಕೈಯಿಂದ ತಿವಿದು ಮತ್ತೆ ಶುರುಮಾಡಿದಳು.

ಹುಡುಗಿ 'ಸಿ'ಯಿಂದ ಹೊರಟಳು. ಎರಡು ದನಿಗಳು ಕೊನೆಯವರೆಗೂ ಎರಡು ಸ್ವರಗಳ ಅಂತರ ಬಿಟ್ಟು ಒಂದರ ಮೇಲೊಂದು ಇಂಪಾಗಿ ಸಾಗಿದವು.

"ಎಷ್ಟು ಚೆನ್ನಾಗಿ ಕೂಡ್ತು ನೋಡಿ!" ಎಂದಳು ಚಿಕ್ಕಮ್ಮ.

ಮೇಷ್ಟ್ರು ನಕ್ಕರು. "ಕೂಡೋದೇನೋ ಕೂಡ್ತಮ್ಮಾ. ಆದ್ರೆ ಹಾಳೇಲಿರೋದು ಈ ಹುಡುಗಿ ಹಾಡಿದ್ದು. ನಾಳೆಯಿಂದ ಕಳಿಸಿ."

ಮೆಟ್ಟಿಲಿಳಿಯುವಾಗ ಚಿಕ್ಕಮ್ಮ ಕಿವಿ ಹಿಂಡಿದಳು. "ನಾನು ತಪ್ಪು ಅಂತ ಮೊದಲೇ ಹೇಳೋಕೇನೇ ಆಗಿತ್ತು ನಿಂಗೆ?"

"ಹೇಳೋಕೆ ನಾಚಿಕೆ ಆಯ್ತು ಚಿಕ್ಕಮ್ಮ. ಅದಕ್ಕೇ ಹಾಡಿಬಿಟ್ಟೆ."