ತಡ್ಕೋ

ಕರಾಟೆ ಕಲಿಸುವವನಿಗೆ ಕೋಪ ಇರಬಾರದು ಅಂತಾರೆ. ನನಗಿದೆ. ಹದಿನೈದು ವರ್ಷದಿಂದ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಕಲಿಸುತ್ತಿರುವ ಈ ಕಾಂತರಾಜ್ ಮಾಸ್ಟರಿಗೆ ಮೂಗಿನ ತುದಿಯಲ್ಲೇ ಕೋಪ ಅಂತ ಇಡೀ ಹಾರನಹಳ್ಳಿ ಹೋಬಳಿಗೆ ಗೊತ್ತು. ಆದರೆ ಈಗ ನನಗಿರುವ ಕೋಪ ಬೇರೆ ಯಾರ ಮೇಲೂ ಅಲ್ಲ.

ನಮ್ಮ ಕ್ಲಾಸು ನಡೆಯುವುದು ನೀಲಕಂಠಸ್ವಾಮಿಯವರ ಹೊಗೆಸೊಪ್ಪು ಒಣಗಿಸುವ ಕಟ್ಟಡದಲ್ಲಿ, ಅಂದರೆ ಬ್ಯಾರನ್ನಿನಲ್ಲಿ. ಸೊಪ್ಪು ಹದ ಮಾಡುವ ಕಾಲ ಮುಗಿದ ಮೇಲೆ ಅದು ಆರು ತಿಂಗಳು ಖಾಲಿ. ಗೋಡೆಯ ಘಾಟಿಗೆ ಮೊದಲ ದಿನ ಎಲ್ಲರೂ ಸೀನುತ್ತಾರೆ. ಸೊಪ್ಪು ಕಟ್ಟುವ ಕಡ್ಡಿಗಳೇ ನಮ್ಮ ಸಲಕರಣೆ. ಇಬ್ಬಿಬ್ಬರು ಎದುರುಬದುರು ನಿಂತು ಮುಂಗೈಗೆ, ಹೊಟ್ಟೆಗೆ, ತೊಡೆಗೆ ಮೊದಲು ಮೆಲ್ಲಗೆ, ವಾರ ಕಳೆದಂತೆ ಜೋರಾಗಿ ಹೊಡೆದುಕೊಳ್ಳಬೇಕು. ಏಟು ತಿಂದು ಅಭ್ಯಾಸವಿಲ್ಲದ ಮೈ ಮೊದಲ ಏಟಿಗೇ ಗಾಬರಿಯಾಗಿ ನಿಂತುಬಿಡುತ್ತದೆ. ಆ ಗಾಬರಿ ಹೋಗಬೇಕು. ಏಟು ಬೀಳುವ ಹೊತ್ತಿಗೆ ಗದ್ದ ಒಳಗೆ, ಮೊಣಕೈ ಪಕ್ಕೆಗೆ, ಉಸಿರು ಆಚೆಗೆ. ನಾನು ಕೂಗುವುದು ಒಂದೇ ಮಾತು: ತಡ್ಕೋ.

ತಡ್ಕೊಂಡ ಮೇಲೆ ಏನು ಮಾಡಬೇಕು, ಹೇಗೆ ತಿರುಗಿ ಹೊಡೆಯಬೇಕು, ಹೇಗೆ ಬಿಡಿಸಿಕೊಂಡು ಓಡಬೇಕು, ಅದೆಲ್ಲ ಎರಡನೇ ವರ್ಷದ ಪಾಠ. ಮೈ ಗಟ್ಟಿಯಾಗದೆ ಕೈ ಎತ್ತಬಾರದು ಅನ್ನುವುದು ನನ್ನ ಹಟ. ಬೇರೆ ಮಾಸ್ಟರುಗಳು ಹೀಗೆ ಮಾಡುವುದಿಲ್ಲ. ಅವರ ಹುಡುಗಿಯರು ಮೆತ್ತಗೆ ಅಂತ ನಾನು ಆಡಿಕೊಳ್ಳುತ್ತಿದ್ದೆ.

ಮಂಗಳಗೌರಿಯ ಮಗಳು ರೂಪಶ್ರೀ ಪಿಯುಸಿ ಓದುವಾಗ ಬಂದು ಸೇರಿದವಳು. ಆರನೇ ತಿಂಗಳಿಗೆ ಕಡ್ಡಿ ಮುರಿದರೂ ಅವಳು ರೆಪ್ಪೆ ಮಿಟುಕಿಸುತ್ತಿರಲಿಲ್ಲ. 'ನೋಡ್ಕೊಳ್ರೇ, ರೂಪನ್ನ ನೋಡಿ ಕಲ್ತ್ಕೊಳ್ರೇ' ಎಂದು ಉಳಿದವರನ್ನು ಮೂದಲಿಸುತ್ತಿದ್ದೆ. ಎರಡನೇ ವರ್ಷದ ಪಾಠ ಶುರುವಾಗುವ ಮೊದಲೇ ಅವಳಿಗೆ ಮದುವೆ ಗೊತ್ತಾಯಿತು. ಗಂಡು ಕೆ.ಆರ್. ನಗರದ ಕಡೆಯ ನಂಜುಂಡೇಶ್, ನೀರಾವರಿ ಜಮೀನಿನವನು, ಮಾತು ಬಲು ನಯ. ಮದುವೆಯ ಊಟ ನಾನೂ ಹೊಟ್ಟೆ ತುಂಬ ಉಂಡು ಬಂದೆ.

ಹೋದ ವರ್ಷ ಮಾಘದಲ್ಲಿ ಅವಳು ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ಕೈಯಲ್ಲಿ ಒಂದು ಬ್ಯಾಗಿತ್ತು. ನನ್ನನ್ನು ನೋಡಿ ಬಿರಬಿರನೆ ಬಂದಳು. ನಮಸ್ಕಾರ ಮಾಡಲು ಕೈ ಎತ್ತಿದಾಗ ಸೆರಗು ಜಾರಿ ಮುಂಗೈ ಕಂಡಿತು. ಹೊರಮೈಯಲ್ಲಿ, ಮಣಿಕಟ್ಟಿನಿಂದ ಮೊಣಕೈವರೆಗೆ ಸಾಲಾಗಿ ನೀಲಿ ಗುರುತುಗಳು. ಕೆಲವು ಹಳೆಯವು, ಹಳದಿಗೆ ತಿರುಗಿದ್ದವು. ಆ ಗುರುತು ನನಗೆ ಚೆನ್ನಾಗಿ ಗೊತ್ತು. ಏಟನ್ನು ಸರಿಯಾದ ಜಾಗದಲ್ಲಿ ತೆಗೆದುಕೊಂಡವರಿಗೆ ಮಾತ್ರ ಹಾಗೆ ಆಗುತ್ತದೆ. ನನ್ನ ಎದೆ ಉಬ್ಬಿತು.

"ಭೇಷ್ ಕಣವ್ವ. ಮದ್ವೆ ಆದ್ರೂ ಪ್ರಾಕ್ಟೀಸ್ ಬುಟ್ಟಿಲ್ಲ ನೀನು" ಅಂದೆ.

ಅವಳು ಕೈಯಲ್ಲಿದ್ದ ಬ್ಯಾಗನ್ನು ಹಿಂದಕ್ಕೆ ಸರಿಸಿದಳು. ಆಮೇಲೆ ಸೆರಗು ಎಳೆದುಕೊಂಡು, "ಊಂ ಸಾರ್" ಅಂದಳು. ಅಷ್ಟರಲ್ಲಿ ನನ್ನ ಬಸ್ಸು ಬಂತು. ಆ ವಾರವೆಲ್ಲ ಕ್ಲಾಸಿನಲ್ಲಿ ಅವಳದೇ ಮಾತು ಆಡಿದೆ.

ಹೋದ ತಿಂಗಳು ಒಂದು ಮಧ್ಯಾಹ್ನ ಮಂಗಳಗೌರಿ ಬ್ಯಾರನ್ನಿನ ಬಾಗಿಲಲ್ಲಿ ಬಂದು ನಿಂತಳು.

"ಮಾಸ್ಟ್ರೇ, ರೂಪ ಹುಣಸೂರಲ್ಲಿ ಆಸ್ಪತ್ರೆ ಸೇರವ್ಳೆ. ಎಲ್ಡು ಪಕ್ಕೆಮೂಳೆ ಮುರ್ದವೆ. ಜಾರಿಬಿದ್ದೆ ಅಂತವ್ಳೆ. ಬಿದ್ದಿಲ್ಲ ಅವ್ಳು." ಸೆರಗಿನಿಂದ ಮುಖ ಒರೆಸಿಕೊಂಡಳು. "ಮುಂಚೆ ಎಲ್ಡು ಸಲ ಗಂಡನ್ನ ಬಿಟ್ಟು ಬಂದಿದ್ಲು. ನಾನೇ ತಡ್ಕೋ ಮಗ, ಸರಿಓಯ್ತದೆ ಅಂತ ವಾಪಸ್ ಕಳುಸ್ದೆ. ಈಗ ನಾನು ಓಗ್ಬ್ಯಾಡ ಅಂದ್ರೆ ಕೇಳಾಕಿಲ್ಲ. ಸಾಯಂಕಾಲ ಅವನು ಕರ್ಕಂಡೋಗಕ್ಕೆ ಬತ್ತಾನೆ. ನೀವಾದ್ರೂ ಯೋಳಿ. ಈ ಸಲ ಓದ್ರೆ ನನ್ ಮಗ್ಳು ಉಳಿಯಾಕಿಲ್ಲ."

ಅವಳನ್ನು ಹಿಂದೆ ಕೂರಿಸಿಕೊಂಡು ಸ್ಕೂಟರು ಓಡಿಸಿದೆ. ದಾರಿಯುದ್ದಕ್ಕೂ ಆ ನೀಲಿ ಗುರುತುಗಳೇ ಕಣ್ಣಮುಂದೆ ಇದ್ದವು.

ರೂಪಶ್ರೀ ಹಾಸಿಗೆಯ ಮೇಲೆ ನೆಟ್ಟಗೆ ಕೂತಿದ್ದಳು. ಎಷ್ಟು ದಿನದಿಂದ ಅಂತ ಕೇಳಿದೆ.

"ಮದ್ವೆ ಆದ ಮೂರನೇ ತಿಂಗ್ಳಿಂದ ಸಾರ್. ನೀವು ಯೋಳ್ದಂಗೇ ಮಾಡ್ತಿದ್ದೆ. ಗದ್ದ ಒಳಕ್ಕೆ, ಉಸ್ರು ಆಚೆಗೆ. ಅದಕ್ಕೇ ಇಷ್ಟು ದಿನ ಏನೂ ಮುರೀಲಿಲ್ಲ. ಮೊನ್ನೆ ನಿದ್ದೇಲಿದ್ದೆ. ಉಸ್ರು ಬುಡಕ್ಕಾಗ್ಲಿಲ್ಲ."

ಕ್ಲಾಸಿಗೆ ತಡವಾಗಿ ಬಂದವಳು ನೆಪ ಹೇಳುವ ಹಾಗೆ ತಲೆ ತಗ್ಗಿಸಿ ಹೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು.

"ನಂಗ್ಯಾಕೆ ಒಂದು ಮಾತು ಹೇಳ್ಲಿಲ್ಲ ನೀನು?"

"ಯೋಳಕ್ಕೇ ಬಂದಿದ್ದೆ ಸಾರ್, ಅವತ್ತು ಬಸ್‌ಸ್ಟ್ಯಾಂಡಲ್ಲಿ. ಅಮ್ಮನ ಮನೆಗೆ ಓದ್ರೆ ವಾಪಸ್ ಕಳುಸ್ತಾರೆ, ನಿಮ್ಮನೆಗೇ ಓಗಾನ ಅಂತ ಬ್ಯಾಗ್ ತಕ್ಕಂಡು ಬಂದಿದ್ದೆ. ನೀವು ಭೇಷ್ ಅಂದ್ರಿ."

ಮಂಗಳಗೌರಿ ಗೋಡೆ ಕಡೆ ತಿರುಗಿಕೊಂಡಳು. ನನಗೆ ಅಳು ಬಂತು. ತಡೆಯಲು ಹೋಗಲಿಲ್ಲ.

"ತಡ್ಕೋ ಅಂದ್ರೆ ತಿಂತಾನೇ ಇರು ಅಂತಲ್ಲ ಕಣವ್ವ" ಅಂದೆ. "ಮೊದಲ್ನೇ ಏಟು ತಡ್ಕಂಡು, ಎರಡನೇದು ಬೀಳೋದ್ರೊಳಗೆ ಓಡೋಗು ಅಂತ."

"ಅದನ್ನ ನೀವು ಯೋಳ್ಕೊಡ್ಲಿಲ್ವಲ್ಲ ಸಾರ್."

ಅವಳ ದನಿಯಲ್ಲಿ ಒಂದಿಷ್ಟೂ ದೂರು ಇರಲಿಲ್ಲ. ಪೊಲೀಸರಿಗೆ ಕಂಪ್ಲೇಂಟ್ ಕೊಡೋಣ ಅಂದೆ. ಬಿದ್ದೆ ಅಂತ ಆಗಲೇ ಬರೆಸಿದ್ದಾಗಿದೆ ಅಂದಳು. ಬದಲಾಯಿಸಬಹುದು, ನಾನು ಜೊತೆಗಿರುತ್ತೇನೆ ಅಂದೆ. "ಈಗ್ಲೇ ನಮ್ಮನೆಗೆ ನಡಿ. ಪುಷ್ಪಾ ಇದಾಳೆ, ನಿನ್ನನ್ನ ಮಗಳ ಥರ ನೋಡ್ಕೋತಾಳೆ." ಪುಷ್ಪಾ ನನ್ನ ಹೆಂಡತಿ, ರೂಪಶ್ರೀ ಅವಳ ಕೈಯಲ್ಲಿ ಎಷ್ಟೋ ಸಲ ಉಂಡವಳು. ರೂಪಶ್ರೀ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಹೂಂ ಅಂದೇಬಿಡುತ್ತಾಳೆ ಅನ್ನಿಸಿತು.

ಅಷ್ಟರಲ್ಲಿ ನಂಜುಂಡೇಶ್ ಬಂದ. ಕೈಯಲ್ಲಿ ಎಳನೀರು. "ನಮಸ್ಕಾರ ಮಾಸ್ಟ್ರೇ, ನೀವ್ಯಾಕೆ ತೊಂದ್ರೆ ತಗೊಂಡ್ರಿ" ಅಂತ ನಗುನಗುತ್ತ ಕೈ ಮುಗಿದ. ನನ್ನ ಮುಷ್ಟಿ ತಾನಾಗಿಯೇ ಬಿಗಿಯಿತು. ರೂಪಶ್ರೀ ಅದನ್ನು ಕಂಡಳು. ಅವನು ಬಟ್ಟೆ ಜೋಡಿಸಲು ಆಚೆ ತಿರುಗಿದಾಗ ಮೆಲ್ಲಗೆ ಅಂದಳು:

"ಬ್ಯಾಡಿ ಸಾರ್. ನೀವು ಒಂದು ಒಡುದ್ರೆ, ಅದನ್ನೂ ನಾನೇ ತಡ್ಕೋಬೇಕು."

ಮುಷ್ಟಿ ಬಿಟ್ಟೆ. ಹದಿನೈದು ವರ್ಷದ ವಿದ್ಯೆ ಅಲ್ಲಿಗೆ ಮುಗಿಯಿತು.

ಮಂಗಳಗೌರಿ ಬ್ಯಾಗು ಎದೆಗವಚಿಕೊಂಡು, ಬ್ಯಾಡ ಕಣವ್ವ, ಬ್ಯಾಡ ಅಂತ ಗೋಗರೆದಳು. ರೂಪಶ್ರೀ ಅವ್ವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬ್ಯಾಗು ತೆಗೆದುಕೊಂಡಳು. "ತಡ್ಕೋತೀನಿ ಬುಡವ್ವ" ಅಂದಳು.

ಗೇಟಿನವರೆಗೆ ಅವರ ಹಿಂದೆಯೇ ಹೋದೆ. ರಸ್ತೆಯಲ್ಲಿ ಆಟೋ ಬರುತ್ತಿತ್ತು. ಅದನ್ನು ನಿಲ್ಲಿಸಲು ನಂಜುಂಡೇಶ್ ಕೈ ಎತ್ತಿದ, ಅಷ್ಟೇ. ಪಕ್ಕದಲ್ಲಿದ್ದ ರೂಪಶ್ರೀಯ ಗದ್ದ ಒಳಗೆ ಹೋಯಿತು. ಮೊಣಕೈ ಮುರಿದ ಪಕ್ಕೆಗೆ ಅಂಟಿತು. ಹುಸ್ ಅಂತ ಉಸಿರು ಆಚೆ ಬಂತು. ಬೇರೆ ಯಾರಿಗೂ ಅದು ಕಾಣಲಿಲ್ಲ. ನನಗೆ ಕಂಡಿತು. ನಾನು ಕಲಿಸಿದ್ದರಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.