ಕಿವಿ ಮೇಸ್ತ್ರಿಯ ಕೊನೆಯ ಚಾಕು

ಬೆಳಿಗ್ಗೆ ಹತ್ತು ನಲವತ್ತಕ್ಕೆ ಅಪ್ಪನ ಚಾಕುವನ್ನು ತಮ್ಮ ಹನ್ನೊಂದನೆಯ ಸಲ ಮಡಚಿದ. ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ ಅಕ್ಕ ಎಣಿಸುತ್ತಿದ್ದಳು, ಬೇಕೆಂದು ಎಣಿಸಿದ್ದಲ್ಲ, ಅವಳ ಕಿವಿ ತಾನಾಗಿ ಎಣಿಸುತ್ತದೆ, ಟಪ್, ಅದರ ಬೆನ್ನಿಗೇ ಟಿಕ್, ಮತ್ತೆ ಟಪ್, ಟಿಕ್ — ಆ ಟಿಕ್ ಇರಬಾರದು, ಒಳ್ಳೆಯ ಮಡಚು ಚಾಕುವಿಗೆ ಒಂದೇ ಶಬ್ದ, ಬಾಗಿಲು ಹಾಕಿಕೊಂಡ ಹಾಗೆ, ಮುಗಿಯಿತು ಅಂದ ಹಾಗೆ, ಎರಡನೆಯದು ಕೇಳಿಸಿತೆಂದರೆ ಅಲಗಿನ ಬಾಯಿ ಒಳಗಿನ ಸ್ಪ್ರಿಂಗಿಗೆ ಬಡಿಯುತ್ತಿದೆ ಎಂದು ಅರ್ಥ, ಮಡಚಿದಷ್ಟು ಸಲವೂ ಅದೇ ಜಾಗ ಮೊಂಡಾಗುತ್ತದೆ, ಮಡಚು, ಹನ್ನೊಂದಲ್ಲ ನೂರಾ ಹನ್ನೊಂದು ಸಲ ಮಡಚು, ಕಿವಿಯೆಂಬುದು ನಿನಗೆ ಕನ್ನಡಕ ಸಿಕ್ಕಿಸಲು ಕೊಟ್ಟದ್ದು. ಅಕ್ಕಾ, ಒಳ್ಳೆ ಲೋಟ ತೆಗಿ, ಸಂಗ್ರಹಾಲಯದ ಮೇಡಂ ಹನ್ನೊಂದಕ್ಕೆ ಬರ್ತಾರೆ. ಗೊತ್ತು. ಬಿಸ್ಕತ್ತು ತಟ್ಟೇಲಿ ಹಾಕು, ಪೊಟ್ಟಣದಲ್ಲೇ ಇಡಬೇಡ. ಗೊತ್ತು ಮಾರಾಯ, ಗೊತ್ತು. ಕೇಳು, ಹೀಗೆ ಹೇಳ್ತೀನಿ, ಸರಿಯಾಗಿದೆಯಾ ನೋಡು — ನಮ್ಮಪ್ಪ ಚಾಕುವನ್ನ ಕಣ್ಣಲ್ಲಿ ನೋಡ್ತಿರ್ಲಿಲ್ಲ ಮೇಡಂ, ಕಿವೀಲಿ ನೋಡ್ತಿದ್ರು, ಕೊನೇ ದಿನದವರೆಗೂ, ಅದಕ್ಕೇ ಊರೆಲ್ಲ ಕಿವಿ ಮೇಸ್ತ್ರಿ ಅಂತಿತ್ತು. ಹೇಗಿದೆ? ಚೆನ್ನಾಗಿದೆ ಅಂದಳು, ಲೋಟದ ಕಂಠ ಅವಳ ಬೆರಳಲ್ಲಿ ಕಿರ್ರೆಂದಿತು, ಒಡೆಯಲಿಲ್ಲ, ಒಡೆದಿದ್ದರೆ ಚೆನ್ನಾಗಿತ್ತು.

ಕೊನೇ ದಿನದವರೆಗೂ! ಅರವತ್ತೊಂದನೇ ವಯಸ್ಸಿಗೇ ಅಪ್ಪನ ಕಿವಿ ಹೋಗಿತ್ತು, ಮೊದಲು ಎಡಗಿವಿ, ವರ್ಷ ತುಂಬುವುದರೊಳಗೆ ಬಲಗಿವಿ, ಮೂವತ್ತೈದು ವರ್ಷ ಸುತ್ತಿಗೆ ಸಾಣೆಯ ಪಕ್ಕದಲ್ಲಿ ಕೂತವನಿಗೆ ಇನ್ನೇನಾಗಬೇಕು, ಆದರೆ ಊರಿಗೆ ಗೊತ್ತಾಗಲಿಲ್ಲ, ಮಗನಿಗೂ ಗೊತ್ತಾಗಲಿಲ್ಲ, ತಮ್ಮ ಬರುತ್ತಿದ್ದದ್ದು ತಿಂಗಳಿಗೊಮ್ಮೆ, ಬಂದರೆ ಬಾಯಿ ಮುಚ್ಚುತ್ತಿರಲಿಲ್ಲ, ಅಪ್ಪ ತುಟಿ ನೋಡಿಕೊಂಡು ಹೂಂಗುಟ್ಟುತ್ತಿದ್ದ, ತಮ್ಮನಿಗೆ ಬೇಕಾಗಿದ್ದದ್ದೂ ಅಷ್ಟೇ. ಯಾರಿಗೂ ಹೇಳಬೇಡ ಕಣೇ, ಚಿಕ್ಕೋನಿಗೂ ಹೇಳಬೇಡ, ಕಿವಿ ಮೇಸ್ತ್ರಿಗೆ ಕಿವಿಯಿಲ್ಲ ಅಂದ್ರೆ ಜನ ನಗ್ತಾರೆ. ಅವಳು ಹೇಳಲಿಲ್ಲ. ಕೆಲಸದ ಕೋಣೆಯ ಕಿಟಕಿಯ ಹತ್ತಿರ ಮುಕ್ಕಾಲಿಯ ಮೇಲೆ ಕೂತಳು, ಕೂತೇ ಇದ್ದಳು, ಹನ್ನೆರಡು ವರ್ಷ, ಅಪ್ಪ ಚಾಕುವನ್ನು ಕಿವಿಗೆ ಹಿಡಿದು ತಲೆ ಓರೆ ಮಾಡಿ ಮಡಚುತ್ತಿದ್ದ, ಬಂದವರು ಆಹಾ ಅನ್ನುತ್ತಿದ್ದರು, ಅಪ್ಪನ ಕಣ್ಣು ಮಾತ್ರ ಅವರನ್ನು ದಾಟಿ ಇವಳ ಮುಖದ ಮೇಲೆ, ಉಸಿರು ಹಿಡಿದುಕೊಂಡು, ಪರೀಕ್ಷೆಯ ಫಲಿತಾಂಶ ಕಾಯುವ ಹುಡುಗನ ಹಾಗೆ. ಇವಳು ತಲೆಯಾಡಿಸಿದರೆ ಚಾಕು ಪೆಟ್ಟಿಗೆಗೆ, ಆಡಿಸದಿದ್ದರೆ ಅಪ್ಪ ಗಂಭೀರವಾಗಿ ಹೇಳುತ್ತಿದ್ದ, ಊಹೂಂ, ಇನ್ನೂ ಮಾತಾಡ್ತಿಲ್ಲ ಇದು, ನಾಳೆ ಬನ್ನಿ. ಮುನ್ನೂರ ಹದಿನಾಲ್ಕು ಚಾಕು. ಮುನ್ನೂರ ಹದಿನಾಲ್ಕು ಸಲ ಅವಳು ತಲೆಯಾಡಿಸಿದ್ದಾಳೆ, ಆಡಿಸದ ಸಲಗಳ ಲೆಕ್ಕ ಯಾರಿಟ್ಟಿದ್ದಾರೆ.

ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಮೇಡಂ ಬಂದರು, ಕತ್ತರಿಸಿದ ಕೂದಲು, ತೋಳಿಗೆ ಚೀಲ, ಚೀಲದಲ್ಲಿ ಅಂಗೈಯಗಲದ ಧ್ವನಿಮುದ್ರಣ ಯಂತ್ರ, ಒಳ್ಳೆಯ ಹೆಂಗಸು, ಅದೇ ಕಷ್ಟ, ಕೆಟ್ಟವಳಾಗಿದ್ದರೆ ಸಿಟ್ಟಿಗೊಂದು ವಿಳಾಸ ಸಿಗುತ್ತಿತ್ತು. ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಏಳು ಚಾಕು. ಮೇಡಂ ಒಂದೊಂದನ್ನೇ ಎತ್ತಿಕೊಳ್ಳುವ ರೀತಿ ಇವಳಿಗೆ ಹಿಡಿಸಿತು, ಹಿಡಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು, ಮೊದಲು ಚಾಕುವಿನ ಬೆನ್ನ ಮೇಲೆ ಹೆಬ್ಬೆರಳು ಎಳೆದರು, ಎಲ್ಲಿ ಅಲಗು ಮುಗಿದು ಎಲ್ಲಿ ಸ್ಪ್ರಿಂಗ್ ಶುರುವಾಯಿತು ತಿಳಿಯಲಿಲ್ಲ, ತಿಳಿಯಬಾರದು, ಮಡಚಿದಾಗ, ಅರ್ಧ ತೆರೆದಾಗ, ಪೂರ್ತಿ ತೆರೆದಾಗ, ಮೂರೂ ಸಲ ಬೆನ್ನು ಒಂದೇ ಮಟ್ಟ ಇರಬೇಕು, ಅದಕ್ಕೇ ಅಪ್ಪನಿಗೆ ಎರಡು ದಿನ ಬೇಕಾಗುತ್ತಿತ್ತು, ಅಲಗನ್ನು ಒಣಹುಲ್ಲಿನ ಬಣ್ಣ ಬರುವ ತನಕ ಕಾಯಿಸುವುದು, ಸ್ಪ್ರಿಂಗನ್ನು ನೀಲಿ ಬರುವ ತನಕ, ಒಂದು ಉಸಿರು ಹೆಚ್ಚಾದರೆ ಎಲ್ಲ ಹಾಳು. ಕೊಂಬಿನ ಹಿಡಿ, ಕಂದು, ಅಂಚಿನಲ್ಲಿ ಜೇನಿನ ಹಾಗೆ ಬೆಳಕು ಒಳಗೆ ಹೋಗುತ್ತದೆ, ಹಿತ್ತಾಳೆಯ ರಿವೆಟ್ಟುಗಳು ಎಲ್ಲಿವೆ ಎಂದು ಕಣ್ಣಿಗೆ ಕಂಡರೂ ಬೆರಳಿಗೆ ಸಿಗುವುದಿಲ್ಲ. ಅಬ್ಬಾ, ಎಷ್ಟು ಚೆಂದ ಇದೆ ಅಂದರು ಮೇಡಂ, ಮೆಲ್ಲಗೆ, ಮಗು ಮಲಗಿರುವ ಮನೆಯಲ್ಲಿ ಮಾತಾಡುವ ಹಾಗೆ. ಹೌದು, ಚೆಂದವೇ, ಅವಳಿಗೂ ಗೊತ್ತು, ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಆ ಚೆಂದದ ಪಕ್ಕದಲ್ಲಿ ಟೀ ಲೋಟ ಇಡುತ್ತಾ ಹನ್ನೆರಡು ವರ್ಷ —

ಹಾಂ, ಅದೇ ಟೀ. ಅಪ್ಪ ಇದ್ದಾಗ ಒಂದು ದಿನ ನಾಲ್ಕು ಜನ ಬಂದಿದ್ದರು, ದೂರದೂರಿನ ಚಾಕು ಹುಚ್ಚರು, ಒಬ್ಬ ಕೇಳಿದ, ಮೇಸ್ತ್ರಿ, ಮಗಳಿಗೂ ಕೆಲಸ ಕಲಿಸಿದ್ದೀರಾ? ಪ್ರಶ್ನೆ ಅಪ್ಪನಿಗೆ ತುಟಿಯಲ್ಲಿ ತಿಳಿಯಿತು, ನಕ್ಕ, ಅಯ್ಯೋ, ಇವಳಿಗೆಲ್ಲಿ ಬರುತ್ತೆ ಸ್ವಾಮಿ, ಇದು ಹೆಂಗಸರ ಕಿವಿಗೆ ಹತ್ತೋ ಕೆಲಸ ಅಲ್ಲ, ಟೀ ಮಾತ್ರ ಚೆನ್ನಾಗಿ ಮಾಡ್ತಾಳೆ. ಎಲ್ಲರೂ ನಕ್ಕರು, ಅವಳೂ ನಕ್ಕಳು, ಮುಖ ಉರಿಯುತ್ತಿತ್ತು. ಗುಟ್ಟು ಮುಚ್ಚಲು ಹಾಗೆ ಹೇಳಿದ, ಇರಬಹುದು, ಆದರೆ ಹೆಂಗಸರ ಕಿವಿ ಅಂದನಲ್ಲ, ಕೈ ಅನ್ನಬಹುದಿತ್ತು, ಕಣ್ಣು ಅನ್ನಬಹುದಿತ್ತು, ಕಿವಿಯನ್ನೇ ಅಂದ, ತಾನು ದಿನಾ ಕಡ ತೆಗೆದುಕೊಳ್ಳುತ್ತಿದ್ದ ಕಿವಿಯನ್ನೇ. ಅವರು ಹೋದ ಮೇಲೆ ಸಂಜೆ ನಾಲ್ಕೂವರೆಗೆ ಹೊಸ ಚಾಕು ಮುಗಿಯಿತು, ಅಪ್ಪ ಕಿವಿಗೆ ಹಿಡಿದ, ತಲೆ ಓರೆ ಮಾಡಿದ, ಮಡಚಿದ. ಟಪ್, ಟಿಕ್. ಅಲಗಿನ ಬುಡದಲ್ಲಿ ಒಂದು ಗಂಟು ಇರುತ್ತದೆ, ಅಲಗಿನ ಬಾಯನ್ನು ಸ್ಪ್ರಿಂಗಿಗೆ ತಾಗದಂತೆ ತಡೆಯುವುದು ಅದೇ, ಅದನ್ನು ಕೂದಲೆಳೆಯಷ್ಟು ಹೆಚ್ಚು ಅರ ಹಾಕಿ ಉಜ್ಜಿಬಿಟ್ಟಿದ್ದ, ಕೈ ನಡುಗಿತ್ತು. ಅಪ್ಪನ ಕಣ್ಣು ಇವಳ ಮುಖದ ಮೇಲೆ. ಉಸಿರು ಹಿಡಿದುಕೊಂಡು. ಅವಳು ತಲೆಯಾಡಿಸಿದಳು. ಸರಿಯಾಗಿದೆ ಅಂತ. ಮುನ್ನೂರ ಹದಿನಾಲ್ಕನೆಯದು.

ಆಮೇಲೆ ಅಪ್ಪ ಇನ್ನೊಂದು ಚಾಕು ಮಾಡಲಿಲ್ಲ. ಕೈ ಆಗಲ್ಲ ಕಣೇ ಅಂದ. ಕೈಯಾಗದ್ದಕ್ಕೋ, ಅವಳು ತಲೆಯಾಡಿಸಿದ್ದಕ್ಕೋ, ಕೇಳುವ ಧೈರ್ಯ ಅವಳಿಗಾಗಲಿಲ್ಲ, ಅವನು ಸಾಯಲು ಇನ್ನೂ ಎಂಟು ತಿಂಗಳಿತ್ತು, ದಿನಾ ಮೂರು ಹೊತ್ತು ಎದುರು ಕೂತು ಊಟ ಬಡಿಸಿದ್ದಾಳೆ, ಕೇಳಲಿಲ್ಲ. ಅವನು ಹೋದ ಮೇಲೆ ಮೇಜಿನ ಖಾನೆಯಲ್ಲಿ ಆ ಚಾಕು ಸಿಕ್ಕಿತು, ಎಣ್ಣೆ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಎಲ್ಲಕ್ಕಿಂತ ಹಿಂದೆ ತಳ್ಳಿ ಇಟ್ಟದ್ದು, ಮಾರುವ ಚಾಕುವನ್ನು ಯಾರಾದರೂ ಹಾಗಿಡುತ್ತಾರೆಯೇ, ಅಲಗನ್ನು ಬೆಳಕಿಗೆ ಹಿಡಿದರೆ ಬಾಯ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ, ಮೊಂಡಾದ ಜಾಗ ಹಾಗೆ ಹೊಳೆಯುತ್ತದೆ, ಹರಿತವಾದದ್ದು ಹೊಳೆಯುವುದಿಲ್ಲ. ಕಿವಿಯಿಲ್ಲದಿದ್ದರೇನು, ಅಪ್ಪನಿಗೆ ಕಣ್ಣಿತ್ತಲ್ಲ. ನೋಡಿದ್ದ. ನೋಡಿಯೂ ಒಂದು ಮಾತು ಆಡಲಿಲ್ಲ, ಬೈಯಲಿಲ್ಲ, ಬೈದಿದ್ದರೆ ಅವಳೂ ಬಾಯಿ ಬಿಟ್ಟು ಹೇಳುತ್ತಿದ್ದಳು, ಯಾರ ಕಿವಿಗೆ ಹತ್ತದ ಕೆಲಸ, ಯಾರ ಕಿವಿಗೆ — ಆ ಜಗಳವನ್ನೂ ಅವನು ತನ್ನ ಜೊತೆಗೇ ತೆಗೆದುಕೊಂಡು ಹೋದ, ದೊಡ್ಡ ಮನುಷ್ಯ.

ಇದು, ಮೇಡಂ, ಕೊನೆಯದು, ಅಪ್ಪನ ಕೈಯಿಂದ ಬಂದ ಕೊನೇ ಚಾಕು, ಬಟ್ಟೆ ಸುತ್ತಿ ಜೋಪಾನ ಮಾಡಿದ್ರು, ಅಷ್ಟು ಇಷ್ಟ ಅವರಿಗೆ. ತಮ್ಮ ಹೇಳುತ್ತಲೇ ಇದ್ದಾನೆ, ಕಿವೀಲೇ ನೋಡ್ತಿದ್ರು, ಕೊನೇ ದಿನದವರೆಗೂ. ಹಾಗಾದರೆ ಇದನ್ನೇ ಧ್ವನಿಮುದ್ರಣ ಮಾಡೋಣ ಅಂದರು ಮೇಡಂ, ಗಾಜಿನ ಪೆಟ್ಟಿಗೆಯ ಪಕ್ಕ ಒಂದು ಗುಂಡಿ ಇಡ್ತೀವಿ, ಜನ ಒತ್ತಿದರೆ ಮೇಸ್ತ್ರಿಯವರ ಚಾಕುವಿನ ಶಬ್ದ ಕೇಳಿಸುತ್ತೆ. ಗುಂಡಿ. ಶಾಲೆಯ ಮಕ್ಕಳು ಸಾಲಾಗಿ ಬಂದು ಒತ್ತುತ್ತಾರೆ, ಟಪ್ ಟಿಕ್, ಟಪ್ ಟಿಕ್, ಭಾನುವಾರ ಗಂಡ ಹೆಂಡತಿ ಬಂದು ಒತ್ತುತ್ತಾರೆ, ಇದೇ ನೋಡು ಕಿವಿ ಮೇಸ್ತ್ರಿಯ ಶಬ್ದ ಅನ್ನುತ್ತಾರೆ, ಎಂದೋ ಒಂದು ದಿನ ಕೆಲಸ ಬಲ್ಲವನೊಬ್ಬ ಬಂದು ಒತ್ತಿ, ಮುಖ ಸಿಂಡರಿಸಿ, ಇಷ್ಟೇನಾ ಇವನು ಅನ್ನುತ್ತಾನೆ, ಅನ್ನಲಿ, ಅಪ್ಪನಿಗೆ ಹಾಗೇ ಆಗಬೇಕು — ಆಗಬೇಕೇ? ಉಳಿದ ಮುನ್ನೂರ ಹದಿಮೂರು? ಅವೂ ಇವಳ ಕಿವಿಯನ್ನು ದಾಟಿಯೇ ಹೋದವಲ್ಲ, ಒಂದರಲ್ಲೂ ಟಿಕ್ ಇಲ್ಲ, ಅವುಗಳ ಬಾಯಿಗೂ ಇದೇ ಶಬ್ದವನ್ನು ಅಂಟಿಸುವುದೇ. ಯಂತ್ರದ ಮೇಲೆ ಕೆಂಪು ದೀಪ ಹತ್ತಿತು. ಮೇಡಂ ಚಾಕು ಎತ್ತಿಕೊಂಡರು, ತಮ್ಮ ತೋರಿಸಿದ ಹಾಗೇ ಕಿವಿಯ ಹತ್ತಿರ ಹಿಡಿದರು, ತಲೆ ಓರೆ ಮಾಡಿದರು, ಮಡಚಿದರು, ಟಪ್, ಟಿಕ್, ಯಾಕೋ ಅನುಮಾನ ಬಂದವರ ಹಾಗೆ ಹುಬ್ಬು ಗಂಟಿಕ್ಕಿ, ತಮ್ಮನನ್ನು ದಾಟಿ, ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತವಳ ಕಡೆ ನೋಡಿದರು. ಶಬ್ದ ಸರಿಯಾಗಿದೆಯಾ ಅಮ್ಮಾ? ಅಯ್ಯೋ ಮೇಡಂ, ಅಕ್ಕನಿಗೇನು ಗೊತ್ತಾಗುತ್ತೆ, ಅವಳು ಒಳಗಿರ್ತಿದ್ದಳು. ಓರೆಯಾದ ತಲೆ, ಕಿವಿಯ ಹತ್ತಿರ ಮಡಚಿದ ಚಾಕು, ಉಸಿರು ಹಿಡಿದು ಇವಳ ಮುಖ ನೋಡುತ್ತಿರುವ ಎರಡು ಕಣ್ಣು. ಓರೆಯಾದ ತಲೆ. ಎರಡು ಕಣ್ಣು.

ಅವಳು ತಲೆಯಾಡಿಸಲಿಲ್ಲ. ಊಹೂಂ, ಇನ್ನೂ ಮಾತಾಡ್ತಿಲ್ಲ ಇದು, ಟಿಕ್ ಅಂತಿದೆ ಅಂದಳು. ಹನ್ನೊಂದು ಇಪ್ಪತ್ತೈದಕ್ಕೆ ಮೇಡಂ ಯಂತ್ರ ನಿಲ್ಲಿಸಿದರು, ತಮ್ಮನನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ಅವಳನ್ನು ಕೂರಿಸಿದರು, ಉಳಿದ ಆರು ಚಾಕುಗಳನ್ನು ಅವಳ ಮುಂದಿಟ್ಟು ಯಂತ್ರವನ್ನು ಮತ್ತೆ ಹಚ್ಚಿದರು.