ಟವೆಲ್ ತೆಗೆದ ಕುರ್ಚಿ

ಎರಡು ವರ್ಷದ ಹಿಂದೆ, ಬೇಡವೆಂದರೂ ಕೇಳದೆ ನಾನು ಸಿದ್ದೇಶನನ್ನು ಮದುವೆಯಾದಾಗಿನಿಂದ ಅಪ್ಪ ನನ್ನ ಜೊತೆ ಮಾತಾಡಿಲ್ಲ. ಎದುರಿಗೆ ಸಿಕ್ಕರೆ ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಾರೆ.

ಮನೆ ಮೆಟ್ಟಿಲು ಹತ್ತುವಾಗ ಅವರಿಗೆ ಎದೆ ಹಿಡಿದುಕೊಳ್ಳುತ್ತಿತ್ತು. ಡಾಕ್ಟರು ಹೃದಯದ ಸ್ಕ್ಯಾನ್ ಬರೆದರು. ಹೆಗ್ಗನಹಳ್ಳಿಯಿಂದ ಅಮ್ಮ ಫೋನ್ ಮಾಡಿದಳು.

"ಈ ಮಂಡಿ ಇಟ್ಕೊಂಡು ನಾನೆಲ್ಲಿ ಓಡಾಡ್ಲಿ? ಶಶಿ ಬರ್ತಾಳೆ ಅಂದೆ. ಬೇಡ ಅನ್ನಲಿಲ್ಲ ಕಣೇ."

ಬೇಡ ಅನ್ನಲಿಲ್ಲ ಎಂಬ ಮಾತನ್ನೇ ನೆಚ್ಚಿಕೊಂಡು ರಾಜಾಜಿನಗರದ ಆಸ್ಪತ್ರೆಗೆ ಹೋದೆ. ನನಗೆ ಮೂರು ತಿಂಗಳು. ಅಮ್ಮನಿಗೂ ಹೇಳಿರಲಿಲ್ಲ. ಅಪ್ಪ ಮಾತಾಡಿಸಿದ ದಿನ ಅವರಿಗೇ ಮೊದಲು ಹೇಳಬೇಕೆಂದು ಇಟ್ಟುಕೊಂಡಿದ್ದೆ.

ಅಪ್ಪ ಪಕ್ಕದ ಕುರ್ಚಿಗೆ ಟವೆಲ್ ಹಾಕಿಕೊಂಡು ಕೂತಿದ್ದರು. ನಾನು ಕಂಬಕ್ಕೆ ಒರಗಿ ನಿಂತೆ.

"ನಿನ್ನೆಯಿಂದ ಒಂದು ಲೋಟ ಕಾಫಿ ಕೊಡದೆ ಸಾಯಿಸಿದ್ರು," ಎಂದರು ಗೋಡೆ ಗಡಿಯಾರಕ್ಕೆ.

"ಕಾಫಿ ಕುಡಿದ್ರೆ ಇಂಜೆಕ್ಷನ್ ಕೆಲಸ ಮಾಡಲ್ವಂತೆ," ಎಂದೆ, ನಾನೂ ಗಡಿಯಾರಕ್ಕೆ.

ಅವರ ಮೀಸೆ ಅಲುಗಿತು.

ಸಿಸ್ಟರ್ ಒಬ್ಬರು ಬಂದು ಅಪ್ಪನನ್ನು ಒಳಗೆ ಕರೆದುಕೊಂಡು ಹೋದರು. ಆ ಇಂಜೆಕ್ಷನ್ನಿನ ಮದ್ದು ರಕ್ತದ ಜೊತೆ ಹೃದಯದ ತುಂಬ ಹರಡುತ್ತದಂತೆ. ರಕ್ತ ಸರಿಯಾಗಿ ಹೋಗದ ಜಾಗ ಫೋಟೋದಲ್ಲಿ ಮಬ್ಬಾಗಿ ಕಾಣುತ್ತದಂತೆ. ಸಿಸ್ಟರ್ ಹೇಳಿದಾಗಿನಿಂದ ನನಗೆ ಅದೇ ಯೋಚನೆ. ನಾನಿದ್ದ ಜಾಗ ಹೇಗೆ ಕಾಣುತ್ತದೋ.

ಇಂಜೆಕ್ಷನ್ ಆಗಿ ಅಪ್ಪ ಹೊರಗೆ ಬಂದರು. ಫೋಟೋಗೆ ಇನ್ನೂ ಹೊತ್ತಿತ್ತು. ಕೂತರು. ಗಡಿಯಾರ ನೋಡುತ್ತಲೇ ಪಕ್ಕದ ಕುರ್ಚಿಯ ಮೇಲಿದ್ದ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು.

ಅದು ನನಗೇ. ಎರಡು ವರ್ಷ ಕಾದ ಕುರ್ಚಿ ಅದು. ಹೆಜ್ಜೆ ಇಟ್ಟೆ.

"ಉಗ್ರಪ್ಪನವರೇ," ಸಿಸ್ಟರ್ ಬಾಗಿಲಿಂದ ಕೂಗಿದರು. "ಮೈಯಲ್ಲಿ ರೇಡಿಯೇಷನ್ ಮದ್ದಿದೆ. ಇವತ್ತೊಂದಿನ ಸಣ್ಣ ಮಕ್ಕಳು, ಬಸುರಿ ಹೆಂಗಸರನ್ನ ಹತ್ರ ಕೂರಿಸ್ಕೋಬೇಡಿ, ಆಯ್ತಾ?"

"ನಮ್ಮನೇಲಿ ಯಾರೂ ಇಲ್ಲ ಬಿಡಮ್ಮ," ಎಂದರು ಅಪ್ಪ.

ನನ್ನ ಕಾಲು ನಿಂತಿತು. ಅಷ್ಟು ಜನರ ಮಧ್ಯೆ ಹೇಳುವ ಮಾತಲ್ಲ ಅದು. ಹಿಂದಕ್ಕೆ ಸರಿದು ಮತ್ತೆ ಕಂಬದ ಹತ್ತಿರ ನಿಂತೆ. ಅಪ್ಪನ ಮುಖ ಸಣ್ಣದಾಯಿತು. ಟವೆಲ್ ಮತ್ತೆ ಕುರ್ಚಿಗೆ ಹಾಕಲು ಕೈ ಎತ್ತಿದರು.

ನನಗೇ ಗೊತ್ತಿಲ್ಲದೆ ನನ್ನ ಕೈ ಹೊಟ್ಟೆಯ ಮೇಲೆ ಹೋಗಿತ್ತು.

ಅಪ್ಪ ಕೈಯನ್ನು ನೋಡಿದರು. ಸಿಸ್ಟರ್ ಹೋದ ಬಾಗಿಲನ್ನು ನೋಡಿದರು. ತಟ್ಟನೆ ಎದ್ದು, ಹಾಲ್‌ನ ಆ ತುದಿಯ ಕಿಟಕಿಯವರೆಗೂ ಹೋಗಿ ಗೋಡೆಗೆ ಅಂಟಿ ನಿಂತರು. ಎಲ್ಲರೂ ತಿರುಗುವ ಹಾಗೆ ಅಲ್ಲಿಂದಲೇ ಕೂಗಿದರು.

"ಶಶೀ! ಬೆಳಿಗ್ಗೆ ಏನಾದ್ರೂ ತಿಂದ್ಯೇನೇ?"

ನಾನು ಹೌದೆಂದು ತಲೆಯಾಡಿಸಿದೆ. ಕಣ್ಣು ತುಂಬಿ ಅವರು ಸರಿಯಾಗಿ ಕಾಣಲಿಲ್ಲ.

"ಅಪ್ಪಾ, ನಾನು ಹೊರಗೆ ಹೋಗಿ ಕೂತ್ಕೊಳ್ಲಾ?"

"ಹೂಂ, ಹೋಗು," ಎಂದರು. ಮತ್ತೆ ಕರೆದರು. "ಬಾಗಿಲ ಹತ್ರಾನೇ ಕೂತ್ಕೊಳೇ. ನನಗೆ ಕಾಣೋ ಹಂಗೆ."